ಕೀಲೆಣ್ಣೆಯ ತೆಳು ಪೊರೆ

ಬೇತಮಂಗಲದಿಂದ ಕೆಜಿಎಫ್‌ಗೆ ಹೊರಟ ಬಸ್ಸಿರಲಿ, ಹೊಲ ಉಳುವ ಟ್ರ್ಯಾಕ್ಟರಿರಲಿ, ಅಪ್ಪನ ಬೈಕಿರಲಿ, ಎಂಜಿನ್ನಿನೊಳಗೆ ಲೋಹದ ಪಕ್ಕದಲ್ಲೇ ಲೋಹ ಓಡಾಡುತ್ತಿರುತ್ತದೆ. ಬೈಕಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿತೆಂದರೆ ಸೆಕೆಂಡಿಗೆ 50 ಸುತ್ತಾಯಿತು! ಆಯಿಲ್ ಬತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ‘ಎಂಜಿನ್ ಸೀಜ್ ಆಯಿತು’ ಎನ್ನುವುದು ಇದಕ್ಕೇ.

ಕನ್ನಡಿಯಂತೆ ಹೊಳೆಯುವ ಲೋಹವೂ ಸೂಕ್ಷ್ಮದರ್ಶಕದಡಿ ಗುಡ್ಡ ಕಣಿವೆಗಳ ಸೀಮೆಯಂತೆ ಕಾಣುತ್ತದೆ. ಎರಡು ಮೈಗಳು ಉಜ್ಜಿದಾಗ ಆ ಗುಡ್ಡಗಳ ತುದಿಗಳು ಬಿಸಿಯಾಗಿ ಬೆಸೆದುಕೊಳ್ಳುತ್ತವೆ, ಮರುಕ್ಷಣ ಕಿತ್ತುಬರುತ್ತವೆ. ಸವೆತವೆಂದರೆ ಇದೇ. ಈ ಮೈಗಳು ಒಂದಕ್ಕೊಂದು ತಾಗದಂತೆ ನಡುವೆ ನಿಲ್ಲುವುದು ಕೀಲೆಣ್ಣೆಯ ಕೆಲಸ. ನಮ್ಮ ಹಿರಿಯರು ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದುದೂ ಇದಕ್ಕಾಗಿಯೇ.

ಆದರೆ ಅಷ್ಟು ಭಾರ ಬಿದ್ದರೂ ಎಣ್ಣೆ ಹಿಂಡಿಹೋಗುವುದಿಲ್ಲವೇಕೆ? ಉತ್ತರದ ಸುಳಿವು ಸಿಕ್ಕಿದ್ದು 1883ರಲ್ಲಿ. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಬೇರಿಂಗ್‌ಗಳನ್ನು ಪರೀಕ್ಷಿಸುತ್ತಿದ್ದರು. ಎಣ್ಣೆ ಬಿಡಲೆಂದು ಕೊರೆದ ರಂಧ್ರದಿಂದ ಎಣ್ಣೆಯೇ ಮೇಲಕ್ಕೆ ಉಕ್ಕಿತು. ಬಿರಡೆ ಹಾಕಿದರೆ ಅದನ್ನೂ ತಳ್ಳಿತು! 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದನ್ನು ಗಣಿತದಿಂದ ವಿವರಿಸಿದರು. ತಿರುಗುವ ದಂಡವು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ. ಅಲ್ಲಿ ಹುಟ್ಟುವ ಒತ್ತಡವೇ ದಂಡವನ್ನು ಎತ್ತಿ ಹಿಡಿಯುತ್ತದೆ. ಆ ಪೊರೆಯ ದಪ್ಪ ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳು.

ಎಂಜಿನ್ ನಿಂತಾಗ ಈ ಪೊರೆಯೂ ಕುಸಿಯುತ್ತದೆ. ಆದ್ದರಿಂದಲೇ ಸವೆತದ ಅಪಾಯ ಹೆಚ್ಚಿರುವುದು ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ. ಆಗ ಕೆಲಸಕ್ಕೆ ಬರುವುದು ಎಣ್ಣೆಯಲ್ಲಿ ಬೆರೆಸಿರುವ ಸತು, ರಂಜಕ, ಗಂಧಕಗಳ ಸಂಯುಕ್ತ. ಅದು ಲೋಹದ ಮೈಗೆ ರಕ್ಷಾಕವಚದಂತೆ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಕ್ಸಿಲರೇಟರ್ ತಿರುಚಬಾರದು. ಅರ್ಧ ನಿಮಿಷ ನಿಧಾನವಾಗಿ ಓಡಲು ಬಿಟ್ಟರೆ ಎಣ್ಣೆ ಎಲ್ಲೆಡೆ ತಲುಪುತ್ತದೆ.

ಡಬ್ಬಿಯ ಮೇಲಿನ ‘20ಡಬ್ಲ್ಯು-40’ ಎಂಬುದರ ಅರ್ಥವೇನು? ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಸ್ನಿಗ್ಧತೆಯನ್ನೂ ಸೂಚಿಸುತ್ತದೆ. ತೀರಾ ತೆಳುವಾದರೆ ಪೊರೆ ಹರಿಯುತ್ತದೆ, ತೀರಾ ಮಂದವಾದರೆ ಸಂದುಗಳಿಗೆ ಬೇಗ ತಲುಪದು. ದುಬಾರಿ ಎಣ್ಣೆಗಿಂತ ವಾಹನದ ಕೈಪಿಡಿ ಹೇಳಿದ ಎಣ್ಣೆಯೇ ಮೇಲು. ಕೆಜಿಎಫ್‌ನ ಬಿಇಎಂಎಲ್ ಕಾರ್ಖಾನೆಯ ಬುಲ್‌ಡೋಜರಿಗೂ ಮನೆಯ ಬೈಕಿಗೂ ಈ ನಿಯಮ ಒಂದೇ.

ಎಣ್ಣೆ ಕಪ್ಪಾದದ್ದು ಕಂಡು ಗಾಬರಿ ಬೇಡ. ಮಸಿಯನ್ನು ತನ್ನಲ್ಲಿ ತೇಲಿಸಿಕೊಳ್ಳುವುದೂ ಅದರ ಕೆಲಸವೇ. ಆದರೆ ಬೆರೆಸಿದ ರಾಸಾಯನಿಕಗಳು ಕ್ರಮೇಣ ಮುಗಿಯುತ್ತವೆ, ಹಾಗಾಗಿ ಅವಧಿಗೆ ಸರಿಯಾಗಿ ಬದಲಿಸಲೇಬೇಕು. ತೆಗೆದ ಹಳೆ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಲೋಹದ ಕಣಗಳಿರುವ ಆ ಎಣ್ಣೆ ಚರಂಡಿಯಿಂದ ಕೆರೆ ಸೇರುತ್ತದೆ. ಚಿನ್ನದ ಗಣಿಯ ಊರಿಗೆ ದಶಕಗಳ ಕಾಲ ಕುಡಿಯುವ ನೀರು ಕೊಟ್ಟದ್ದು ಬೇತಮಂಗಲದ ಕೆರೆಯೇ ಅಲ್ಲವೇ?