ಎಡಕ್ಕೆ ತಿರುಗಲು ಎಡಗೈ ಮುಂದೆ ತಳ್ಳಿ

ನಿಮ್ಮ ಮಗನಿಗೆ ಹದಿನೆಂಟು ತುಂಬಿದೆ. ಲೈಸೆನ್ಸ್ ಸಿಕ್ಕಿದೆ. ಅಂಗಳದಲ್ಲಿ ಹೊಸ ಬೈಕ್ ನಿಂತಿದೆ. ಕಾರವಾರದಿಂದ ಅಂಕೋಲೆಗೆ ಹೊರಟವನಿಗೆ ನೀವು ಬಾಗಿಲಲ್ಲಿ ನಿಂತು, "ಹೆಲ್ಮೆಟ್ ಹಾಕಿಕೋ, ನಿಧಾನ ಹೋಗು" ಎನ್ನುತ್ತೀರಿ. ಎರಡೂ ಸರಿಯಾದ ಮಾತೇ. ಆದರೆ ಇಂದು ಅವನಿಗೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: "ಬೈಕ್ ವೇಗವಾಗಿ ಹೋಗುತ್ತಿರುವಾಗ ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲನ್ನು ಯಾವ ಕಡೆ ತಿರುಗಿಸಬೇಕು?"

"ಎಡಕ್ಕೇ, ಇನ್ನೆಲ್ಲಿಗೆ?" ಎಂದು ಅವನು ನಕ್ಕಾನು. ನೀವೂ ಹಾಗೆಯೇ ಹೇಳುತ್ತಿದ್ದಿರೇನೋ. ಆದರೆ ಉತ್ತರ ತಪ್ಪು.

ವಿಮಾನ ಹಾರಿಸಿದ ರೈಟ್ ಸಹೋದರರು ಅದಕ್ಕೂ ಮೊದಲು ಸೈಕಲ್ ತಯಾರಿಸಿ ಮಾರುತ್ತಿದ್ದವರು. ಅವರಲ್ಲಿ ಹಿರಿಯವನಾದ ವಿಲ್ಬರ್ ರೈಟ್ ಇದೇ ಪ್ರಶ್ನೆಯನ್ನು ಅನೇಕ ಸೈಕಲ್ ಸವಾರರಿಗೆ ಕೇಳಿದ್ದ. ದಿನವೂ ಸೈಕಲ್ ತುಳಿಯುವವರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಕೈ ಮಾಡುತ್ತಿದ್ದುದು ಒಂದು, ಬಾಯಿ ಹೇಳುತ್ತಿದ್ದುದು ಇನ್ನೊಂದು!

ವಿಷಯ ಹೀಗಿದೆ. ಎರಡು ಚಕ್ರದ ವಾಹನ ತಿರುಗಬೇಕಾದರೆ ಮೊದಲು ಆ ಕಡೆಗೆ ವಾಲಬೇಕು. ವಾಲಿಸುವುದು ಹೇಗೆ? ಎಡಗೈಯ ಹಿಡಿಕೆಯನ್ನು ಮೆಲ್ಲನೆ ಮುಂದಕ್ಕೆ ತಳ್ಳಿ. ಆಗ ಮುಂದಿನ ಚಕ್ರ ಒಂದು ಕ್ಷಣ ಬಲಕ್ಕೆ ಸರಿಯುತ್ತದೆ. ಅಡಿಯ ಆಧಾರ ಬಲಕ್ಕೆ ಜಾರಿದ್ದರಿಂದ ಮೇಲಿನ ಬೈಕ್ ಮತ್ತು ಸವಾರ ಎಡಕ್ಕೆ ವಾಲುತ್ತಾರೆ. ವಾಲಿದ ಬೈಕ್ ಎಡಕ್ಕೆ ತಿರುಗುತ್ತದೆ. ಅಂಗೈ ಮೇಲೆ ಪೊರಕೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಆಡುವ ಮಕ್ಕಳನ್ನು ನೋಡಿದ್ದೀರಲ್ಲವೇ? ಕೈ ಬಲಕ್ಕೆ ಸರಿದರೆ ಪೊರಕೆ ಎಡಕ್ಕೆ ಬೀಳುತ್ತದೆ. ಇದೂ ಹಾಗೆಯೇ. ಇದಕ್ಕೆ ಕೌಂಟರ್‌ಸ್ಟೀರಿಂಗ್ ಎನ್ನುತ್ತಾರೆ. ನೆನಪಿಡಲು ಸುಲಭ ಸೂತ್ರ: ಎಡಕ್ಕೆ ಹೋಗಲು ಎಡಗೈ ತಳ್ಳಿ, ಬಲಕ್ಕೆ ಹೋಗಲು ಬಲಗೈ ತಳ್ಳಿ.

"ನಾನು ಇದನ್ನು ಕಲಿತೇ ಇಲ್ಲ, ಆದರೂ ಓಡಿಸುತ್ತಿದ್ದೇನಲ್ಲ?" ಎಂದು ಕೇಳಬಹುದು. ನಿಜ. ಶಾಂತವಾಗಿರುವಾಗ ಕೈ ತನ್ನಷ್ಟಕ್ಕೆ ಈ ಕೆಲಸ ಮಾಡುತ್ತದೆ. ತೊಂದರೆ ಬರುವುದು ಹೆದರಿದಾಗ. ಅಂಕೋಲೆಯಿಂದ ಹುಬ್ಬಳ್ಳಿ ದಾರಿ ಹಿಡಿದು ಸುಂಕಸಾಳ, ರಾಮನಗುಳಿ ದಾಟಿ ಅರಬೈಲ್ ಘಟ್ಟ ಹತ್ತುತ್ತಿದ್ದೀರಿ ಎಂದುಕೊಳ್ಳಿ. ಎಡ ತಿರುವಿನಲ್ಲಿ ವೇಗ ಸ್ವಲ್ಪ ಹೆಚ್ಚಾಗಿ ಬೈಕ್ ರಸ್ತೆಯ ನಡುವಿಗೆ ಬಂತು. ಎದುರಿಗೆ ಲಾರಿ. ಗಾಬರಿಯಾದ ಸವಾರ ಎಡಕ್ಕೆ ತಪ್ಪಿಸಿಕೊಳ್ಳಲೆಂದು ಹ್ಯಾಂಡಲನ್ನು ಎಡಕ್ಕೆ ಎಳೆಯುತ್ತಾನೆ. ಬೈಕ್ ಬಲಕ್ಕೆ ವಾಲುತ್ತದೆ, ಲಾರಿಯ ಕಡೆಗೇ ಹೋಗುತ್ತದೆ! ಯಾವ ಅಪಾಯದಿಂದ ಓಡಬೇಕೆಂದಿದ್ದನೋ ಅದರ ಎದುರಿಗೇ ಹೋಗಿ ನಿಲ್ಲುತ್ತಾನೆ. ನೋಡಿದವರು "ಅವನೇ ಹೋಗಿ ಗುದ್ದಿದ" ಎನ್ನುತ್ತಾರೆ.

ಅಮೆರಿಕದಲ್ಲಿ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ನೀಡಿತು. ಅಪಘಾತಕ್ಕೀಡಾದ ಸವಾರರಲ್ಲಿ ಕೌಂಟರ್‌ಸ್ಟೀರಿಂಗ್ ಮಾಡಿ ಪಕ್ಕಕ್ಕೆ ಸರಿಯುವ ಕೌಶಲ ಇರಲೇ ಇಲ್ಲವೆನ್ನಬಹುದು ಎಂದು ಆ ವರದಿ ಹೇಳಿತು.

ನಮ್ಮಲ್ಲಿ ಲೈಸೆನ್ಸ್ ಪರೀಕ್ಷೆಗೆ ಸಾಮಾನ್ಯವಾಗಿ ಎಂಟರ ಆಕಾರದಲ್ಲಿ ಓಡಿಸಿ ತೋರಿಸಬೇಕು. ಅದು ನಡಿಗೆಯ ವೇಗದ ಆಟ. ಆ ವೇಗದಲ್ಲಿ ಹ್ಯಾಂಡಲನ್ನು ತಿರುಗಿಸಿದ ಕಡೆಗೇ ವಾಹನ ತಿರುಗುತ್ತದೆ. ವೇಗ ಹೆಚ್ಚಿದಾಗಲೇ ಲೆಕ್ಕ ಬದಲಾಗುವುದು. ಪರೀಕ್ಷೆ ಪಾಸಾದವನು ಅರ್ಧ ಪಾಠ ಮಾತ್ರ ಕಲಿತಿದ್ದಾನೆ.

ಉಳಿದರ್ಧವನ್ನು ಕಲಿಯುವುದು ಕಷ್ಟವಲ್ಲ. ಬೆಳಗಿನ ಹೊತ್ತು ಜನ, ವಾಹನ ಇಲ್ಲದ, ಒಣಗಿದ, ನೇರವಾದ ಡಾಂಬರು ರಸ್ತೆ ಹುಡುಕಿ. ಟಾಗೋರ್ ಕಡಲತೀರದ ಮರಳು ಇದಕ್ಕೆ ಬೇಡ, ಚಕ್ರ ಜಾರುತ್ತದೆ. ಹೆಲ್ಮೆಟ್, ಶೂ, ಉದ್ದ ತೋಳಿನ ಅಂಗಿ ಇರಲಿ. ಹಿಂದೆ ಯಾರೂ ಕೂರುವುದು ಬೇಡ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನೇರ ಹೋಗುತ್ತಾ ಎಡಗೈಯಿಂದ ಸ್ವಲ್ಪವೇ ತಳ್ಳಿ ಬಿಡಿ. ಬೈಕ್ ಎಡಕ್ಕೆ ವಾಲುವುದು ನಿಮಗೇ ತಿಳಿಯುತ್ತದೆ. ಬಳಿಕ ಬಲಗೈ. ತೋಳು ಬಿಗಿಯಾಗಿರಬಾರದು, ಬಿಗಿದ ತೋಳು ಒಂದು ಕಡೆ ತಳ್ಳಿದರೆ ಇನ್ನೊಂದು ಕಡೆ ತಡೆಯುತ್ತದೆ. ಕೆಲವು ದಿನಗಳಾದ ಮೇಲೆ ರಸ್ತೆಯ ಮೇಲೊಂದು ಒಣ ಎಲೆಯನ್ನು ಗುರುತು ಮಾಡಿಕೊಂಡು ಅದನ್ನು ತಪ್ಪಿಸಿ ಹೋಗುವುದನ್ನು ಅಭ್ಯಾಸ ಮಾಡಿ. ಸ್ಕೂಟರ್ ಕಲಿಯುವ ಸಹೋದರಿಯರಿಗೂ ಇದೇ ಪಾಠ.

ಇನ್ನೆರಡು ಮಾತು. ಕಣ್ಣು ಹೋದಲ್ಲಿ ಬೈಕ್ ಹೋಗುತ್ತದೆ. ಆದ್ದರಿಂದ ಹೊಂಡವನ್ನಲ್ಲ, ಹೊಂಡದ ಪಕ್ಕದ ದಾರಿಯನ್ನು ನೋಡಿ. ಬ್ರೇಕ್ ಹಿಡಿಯುವುದು ತಿರುವಿಗೆ ಮುಂಚೆ. ವಾಲಿದ ಬೈಕಿನ ಬ್ರೇಕನ್ನು ಜೋರಾಗಿ ಒತ್ತಿದರೆ ಟೈರಿನ ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಂತೂ ವೇಗ ತಗ್ಗಿಸುವುದೇ ಉಪಾಯ. ವೇಗ ಇಮ್ಮಡಿಯಾದರೆ ಅದೇ ತಿರುವಿಗೆ ಟೈರಿನ ಹಿಡಿತ ನಾಲ್ಕು ಪಟ್ಟು ಬೇಕು. ಕೆಂಪು ಮಣ್ಣು ಹರಿದು ಬಂದ ಒದ್ದೆ ರಸ್ತೆಯಲ್ಲಿ ಅಷ್ಟು ಹಿಡಿತ ಎಲ್ಲಿಂದ ಬರಬೇಕು?

ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿ ಈಗ ಅಗಲವಾಗಿದೆ. ರಸ್ತೆ ಒಳ್ಳೆಯದಾದಷ್ಟೂ ವೇಗ ಹೆಚ್ಚುತ್ತದೆ. ಅಡ್ಡ ಬರುವ ದನ, ಎದುರು ದಿಕ್ಕಿನಿಂದ ತಪ್ಪಾಗಿ ಬರುವ ಸ್ಕೂಟರ್ ಯೋಚಿಸಲು ಸಮಯ ಕೊಡುವುದಿಲ್ಲ. ಆ ಹೊತ್ತಿಗೆ ಕೈಗೆ ಅಭ್ಯಾಸವಾಗಿರಬೇಕು.

ಬೈಕ್ ಕೊಡಿಸಲು ಸಾಲ ಮಾಡುವ ತಂದೆತಾಯಿ, ಮಗನಿಗೆ ನಾಲ್ಕು ಬೆಳಗಿನ ಅಭ್ಯಾಸಕ್ಕೂ ಸಮಯ ಕೊಡಿಸಲಿ. ಸಾಧ್ಯವಾದರೆ ತಂದೆಯೇ ಜೊತೆಗೆ ಹೋಗಿ ರಸ್ತೆ ಬದಿ ನಿಲ್ಲಲಿ. ಅಂಕೋಲೆಗೆ ಹೋಗುವುದು ಆಮೇಲಾದರೂ ಆದೀತು.