ಆಟೋ ಹಿಂದಿನ ಶಂಕರಣ್ಣ, ಕ್ಯಾಮೆರಾ ಹಿಂದಿನ ಶಂಕರ್‌ನಾಗ್

ಸಂಜೆ ಐದರ ಮೇಲೆ ಕಲ್ಮಲ ಕ್ರಾಸಿನಲ್ಲಿ ಬಸ್ಸಿಗೆ ಕಾದವರಿಗೆ ಗೊತ್ತು, ದೇವದುರ್ಗದ ಬಸ್ಸು ತಡ ಆದ ದಿನ ಮಾನ್ವಿ ಬಸ್ಸು ಇನ್ನೂ ತಡ. ಹಂಗ ನಿಂತಾಗ ನೋಡೋಕೆ ಸಿಗೋದು ಆಟೋಗಳ ಬೆನ್ನು. ಒಂದರ ಮೇಲೆ ಅಪ್ಪು, ಇನ್ನೊಂದರ ಮೇಲೆ ಅಂಬೇಡ್ಕರ್, ಮೂರನೇದರ ಮೇಲೆ ಖಾಕಿ ಅಂಗಿಯ ಶಂಕರ್‌ನಾಗ್. 1990ರಲ್ಲಿ ತೀರಿಹೋದ ಮನುಷ್ಯ ಅವರು. ನಮ್ಮ ಬ್ಯಾಚಿನಲ್ಲಿ ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಸ್ಟಿಕ್ಕರ್ ಮಾತ್ರ ಹೊಸದು.

ಆ ಸ್ಟಿಕ್ಕರ್ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಅದು ಯಾರ ಮುಖ? 1980ರ ‘ಆಟೋ ರಾಜ’ನ ಮುಖ. ಆ ಚಿತ್ರ ನಿರ್ದೇಶಿಸಿದವರು ವಿಜಯ್. ಇನ್ನು ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲಿರೋ ‘ಎಸ್.ಪಿ. ಸಾಂಗ್ಲಿಯಾನ’, ಅದು ಪಿ. ನಂಜುಂಡಪ್ಪ ಅವರದ್ದು. ಅಂದ್ರೆ ಯಾವ ಶಂಕರ್‌ನಾಗ್‌ಗೆ ನಾವು ಜೈ ಅಂತೀವೋ ಆ ಶಂಕರ್‌ನಾಗ್ ಬೇರೆಯವರ ಕ್ಯಾಮೆರಾ ಮುಂದೆ ನಿಂತವರು. ತಾವೇ ಕ್ಯಾಮೆರಾ ಹಿಂದೆ ನಿಂತು ಮಾಡಿದ ಚಿತ್ರಗಳ ಹೆಸರು ಕೇಳಿದರೆ ನಮ್ಮಲ್ಲಿ ಹತ್ತರಲ್ಲಿ ಎಂಟು ಮಂದಿ ‘ಮಾಲ್ಗುಡಿ ಡೇಸ್’ ಅಂದು ಸುಮ್ಮನಾಗ್ತಾರೆ. ಅದು ಸಿನಿಮಾನೇ ಅಲ್ಲ, ಧಾರಾವಾಹಿ!

ರಾಜ್ಯೋತ್ಸವಕ್ಕೆ ಯಾವ ಚಿತ್ರ ಹಾಕಬೇಕು ಅಂತ ನಮ್ಮ ಸಂಘದಲ್ಲಿ ಈ ವರ್ಷ ಚರ್ಚೆ ಆಯ್ತು. ಚರ್ಚೆ ಅನ್ನೋದಕ್ಕಿಂತ ಜಗಳ. ಮೆಕ್ಯಾನಿಕಲ್‌ನವರಿಗೆ ‘ಮಿಂಚಿನ ಓಟ’ ಬೇಕು, ಹಾಡು ಕೇಳೋರಿಗೆ ‘ಗೀತಾ’ ಬೇಕು, ಮಾಲ್ಗುಡಿಯ ನಾಲ್ಕು ಕಂತು ಹಾಕಿದ್ರೆ ಸಾಕು ಅನ್ನೋರು ಒಂದಷ್ಟು ಜನ. ಕಡೆಗೆ ನಾವು ಐದಾರು ಮಂದಿ ಇಂಟರ್ನಲ್ಸ್ ಮುಗಿದ ವಾರ ಒಂದು ಲ್ಯಾಪ್‌ಟಾಪ್ ಸುತ್ತ ಕೂತು ಸಿಕ್ಕಷ್ಟನ್ನು ನೋಡಿದೆವು. ನೋಡಿ ಎದ್ದಾಗ ನಮ್ಮ ಅಭಿಪ್ರಾಯ ಒಂದೇ ಆಗಿತ್ತು: ಶಂಕರ್‌ನಾಗ್ ನಿರ್ದೇಶನದ ಅತ್ಯುತ್ತಮ ಚಿತ್ರ ‘ಆಕ್ಸಿಡೆಂಟ್’. ಅದನ್ನು ಬೆಂಗಳೂರಿನವರಿಗಿಂತ ಮೊದಲು ನೋಡಬೇಕಾದವರು ರಾಯಚೂರಿನವರು.

‘ಮಿಂಚಿನ ಓಟ’ದ ಮಾತು ಮೊದಲು. 1980ರಲ್ಲಿ ಅದು ಬಂದಾಗ ಶಂಕರ್‌ನಾಗ್‌ಗೆ ಇಪ್ಪತ್ತೈದು. ಎರಡು ವರ್ಷದ ಹಿಂದಷ್ಟೇ ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಮೂಲಕ ನಟರಾಗಿ ಬಂದಿದ್ದರು. ನಮ್ಮ ಸೀನಿಯರ್‌ಗಳು ಮೊದಲ ಕೆಲಸದ ಪ್ರೊಬೇಷನ್ ಮುಗಿಸೋ ವಯಸ್ಸು ಅದು. ಕಾರು ಕದಿಯೋ ಮೂವರು, ಜೈಲು, ಅಲ್ಲಿಂದ ತಪ್ಪಿಸಿಕೊಳ್ಳೋ ಪ್ರಯತ್ನ, ಇಷ್ಟೇ ಕಥೆ. ಅಣ್ಣ ಅನಂತ್‌ನಾಗ್, ತಮ್ಮ ಶಂಕರ್, ಜೊತೆಗೆ ಲೋಕನಾಥ್. ಕಳ್ಳರನ್ನು ಹೀರೋ ಮಾಡಿಲ್ಲ, ಬೈದೂ ಇಲ್ಲ. ಲೋಕನಾಥ್ ಅವರ ಪಾತ್ರ ನೋಡ್ತಾ ನಗು ಬರುತ್ತೆ, ಸ್ವಲ್ಪ ಹೊತ್ತಿಗೆ ಆ ನಗು ಗಂಟಲಲ್ಲೇ ನಿಲ್ಲುತ್ತೆ. ಎರಡನೇ ಸ್ಥಾನ ಇದಕ್ಕೆ, ಅದರಲ್ಲಿ ಅನುಮಾನ ಇಲ್ಲ.

‘ಗೀತಾ’ (1981) ಬಗ್ಗೆ ಹೇಳಿದರೆ ಕೆಲವರು ಬೇಜಾರಾಗ್ತಾರೆ, ಆದರೂ ಹೇಳ್ತೀವಿ. ಇಳಯರಾಜ ಅವರ ಹಾಡುಗಳನ್ನು ತೆಗೆದು ನೋಡಿ, ಕಾಯಿಲೆಯ ಹುಡುಗಿಯ ಪ್ರೇಮಕಥೆ ಅಷ್ಟೇ ಉಳಿಯುತ್ತೆ. ಹಾಡಿಗೆ ನೂರಕ್ಕೆ ನೂರು, ಚಿತ್ರಕ್ಕೆ ಪಾಸ್ ಮಾರ್ಕ್ಸಿಗಿಂತ ಸ್ವಲ್ಪ ಜಾಸ್ತಿ. ‘ಒಂದು ಮುತ್ತಿನ ಕಥೆ’ (1987) ಇದಕ್ಕೆ ತದ್ವಿರುದ್ಧ. ಸ್ಟೈನ್‌ಬೆಕ್‌ನ ಕಾದಂಬರಿ ತಗೊಂಡು, ಡಾ. ರಾಜ್‌ಕುಮಾರ್ ಅವರನ್ನು ಮುತ್ತು ಹುಡುಕೋ ಬಡ ಬೆಸ್ತನನ್ನಾಗಿ ಮಾಡಿ ಸಮುದ್ರದೊಳಗೆ ಇಳಿಸಿದ್ರು. ಚಿತ್ರ ಓಡಲಿಲ್ಲ. ಆದರೆ ಆಗಿನ ಕಾಲಕ್ಕೆ ನೀರಿನೊಳಗೆ ಕ್ಯಾಮೆರಾ ಇಳಿಸೋ ಧೈರ್ಯ ಮಾಡಿದ್ದಕ್ಕೆ ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಪರವಾಗಿ ಒಂದು ಸಲಾಂ. ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೊ ಕಟ್ಟಿದ್ದೂ ಇದೇ ಮನುಷ್ಯ.

ಮಾಲ್ಗುಡಿಯನ್ನು ಬೈಯೋಕೆ ಆಗಲ್ಲ, ಬೈಯಲ್ಲ. ಆಗುಂಬೆಯ ಬೀದಿ, ಅರಸಾಳು ಸ್ಟೇಷನ್ನು, ಮಾಸ್ಟರ್ ಮಂಜುನಾಥ್‌ನ ಸ್ವಾಮಿ, ಎಲ್. ವೈದ್ಯನಾಥನ್ ಅವರ ಆ ಸಂಗೀತ. 1986ರಲ್ಲಿ ದೂರದರ್ಶನದಲ್ಲಿ ಬಂದಾಗಿನಿಂದ ಇಡೀ ದೇಶಕ್ಕೆ ಶಂಕರ್‌ನಾಗ್ ಅಂದ್ರೆ ಇದೇ. ಆದರೆ ಒಂದು ಮಾತು ಒಪ್ಪಿಕೊಳ್ರಿ, ಮಾಲ್ಗುಡಿ ನೋಡುವಾಗ ನಮಗೆ ಹಿತ ಆಗೋದು ಅದು ನಮ್ಮ ಊರಲ್ಲ ಅನ್ನೋದಕ್ಕೆ. ಆ ಮಳೆ, ಆ ಹಸಿರು, ಆ ಮರದ ಕಂಬದ ಮನೆ. ಇಲ್ಲಿ ಏಪ್ರಿಲ್‌ನಲ್ಲಿ ಹಾಸ್ಟೆಲ್ ಟ್ಯಾಂಕಿನ ನೀರು ಬೆಳಗ್ಗೆ ಒಂಬತ್ತಕ್ಕೇ ಕಾದಿರುತ್ತೆ.

‘ಆಕ್ಸಿಡೆಂಟ್’ (1985) ಅಂಥಾ ಹಿತ ಕೊಡೋ ಚಿತ್ರ ಅಲ್ಲ. ರಾತ್ರಿ, ಬೆಂಗಳೂರು. ನಶೆಯಲ್ಲಿರೋ ದೊಡ್ಡವರ ಮಗ ಕಾರನ್ನು ಫುಟ್‌ಪಾತ್ ಮೇಲೆ ಹತ್ತಿಸ್ತಾನೆ. ಅಲ್ಲಿ ಮಲಗಿದ್ದವರು ಹಳ್ಳಿ ಬಿಟ್ಟು ಕೂಲಿಗೆ ಬಂದವರು. ಒಬ್ಬ ಮಾತ್ರ ಉಳಿಯುತ್ತಾನೆ, ರಾಮಣ್ಣ. ರಮೇಶ್ ಭಟ್ ಆ ಪಾತ್ರ ಮಾಡಿದ್ದಾರೆ. ಹುಡುಗನ ಅಪ್ಪ ಧರ್ಮಾಧಿಪತಿ ದೊಡ್ಡ ರಾಜಕಾರಣಿ, ಎದುರಿಗೆ ಚುನಾವಣೆ. ಅಲ್ಲಿಂದ ಮುಂದೆ ಚಿತ್ರ ತೋರಿಸೋದು ಒಂದು ಸಾವನ್ನು ಹೇಗೆ ಕಾಗದದ ಮೇಲಿಂದ ಅಳಿಸಿಹಾಕ್ತಾರೆ ಅನ್ನೋದನ್ನ.

ಇಲ್ಲಿ ನಿರ್ದೇಶಕ ಮಾಡಿದ ಎರಡು ಕೆಲಸ ನಮಗೆ ಬಹಳ ಹಿಡಿಸಿತು. ಒಂದು, ಧರ್ಮಾಧಿಪತಿಯ ಪಾತ್ರವನ್ನು ಸ್ವಂತ ಅಣ್ಣನಿಗೇ ಕೊಟ್ಟಿದ್ದು. ಅನಂತ್‌ನಾಗ್ ಆಗ ಎಲ್ಲರ ಮೆಚ್ಚಿನ ಪ್ರೇಮಿ. ಅವರು ಇಲ್ಲಿ ಕಿರುಚಲ್ಲ, ಮೀಸೆ ತಿರುವಲ್ಲ, ಮೆಲ್ಲಗೆ ಮಾತಾಡ್ತಾರೆ. ಎರಡನೇದು, ತಮಗೆ ಇಟ್ಟುಕೊಂಡ ಪಾತ್ರ. ಪತ್ರಕರ್ತ ರವಿ. ಈ ರವಿ ಸಾಂಗ್ಲಿಯಾನ ಅಲ್ಲ. ಹೊಡೆದು ಸತ್ಯ ಕಕ್ಕಿಸಲ್ಲ. ಕೇಳ್ತಾ ಹೋಗ್ತಾನೆ, ಬಾಗಿಲು ಒಂದೊಂದಾಗಿ ಮುಚ್ಚುತ್ತಾ ಹೋಗುತ್ತೆ. ಜನ ಶಿಳ್ಳೆ ಹೊಡೆಯೋ ಹೀರೋ ಒಬ್ಬ, ತನ್ನದೇ ಚಿತ್ರದಲ್ಲಿ ತನಗೇ ಒಂದು ಶಿಳ್ಳೆ ಸೀನ್ ಇಟ್ಟುಕೊಳ್ಳಲಿಲ್ಲ. ಇವತ್ತು ನಟರೇ ನಿರ್ದೇಶಕರಾಗೋದು ಮಾಮೂಲಾಗಿದೆ. ‘ಗರುಡ ಗಮನ ವೃಷಭ ವಾಹನ’, ‘ಕಾಂತಾರ’ ಎಲ್ಲ ನಾವೂ ಮೆಚ್ಚಿದವರೇ. ಆದರೆ ನಿರ್ದೇಶಕನಾದ ನಟ ಕ್ಲೈಮ್ಯಾಕ್ಸ್ ಅನ್ನು ತನಗೇ ಇಟ್ಟುಕೊಳ್ಳದ ಚಿತ್ರ ಎಷ್ಟಿವೆ ಅಂತ ಲೆಕ್ಕ ಹಾಕಿ ನೋಡಿ.

ಆ ಚಿತ್ರಕ್ಕೆ ಸಾಮಾಜಿಕ ವಿಷಯದ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಬಂತು. ನಾವು ಅದನ್ನು ಮೊದಲ ಸ್ಥಾನದಲ್ಲಿ ಇಡೋದು ಅದಕ್ಕಲ್ಲ.

ನೋಡುವಾಗ ನಮ್ಮ ಜೊತೆ ದೇವದುರ್ಗ ಕಡೆಯ ಗೆಳೆಯನೊಬ್ಬ ಇದ್ದ. ಫುಟ್‌ಪಾತ್ ದೃಶ್ಯ ಬಂದಾಗ ಯಾರೋ ‘ಸ್ಲೋ ಆಯ್ತು, ಸ್ವಲ್ಪ ಮುಂದೆ ಓಡಿಸ್ರೋ’ ಅಂದ್ರು. ಅವನು ಕೈ ಅಡ್ಡ ಇಟ್ಟ. ‘ನಿಂದ್ರು. ನಮ್ಮೂರಾಗ ಸುಗ್ಗಿ ಮುಗಿದ ಮ್ಯಾಲ ಅರ್ಧ ಮನಿಗೆ ಬೀಗ ಇರತಾವು. ನಮ್ಮ ಕಾಕಾ ಬೆಂಗಳೂರಿಗೆ ಹೋದ ಮೊದಲ ವಾರ ಹಿಂಗ ಮಲಗಿದ್ದ’ ಅಂದ. ಆಮೇಲೆ ಯಾರೂ ಓಡಿಸು ಅನ್ನಲಿಲ್ಲ.

ಗುಳೆ ಅನ್ನೋ ಮಾತನ್ನು ನಾವು ಯಾರಿಂದಲೂ ಕಲಿಯಬೇಕಾಗಿಲ್ಲ. ಕಾಲುವೆ ನೀರು ಮುಟ್ಟದ ಊರುಗಳಿಂದ, ಮುಟ್ಟಿದರೂ ಕೊನೆಗೆ ಬಾರದ ಊರುಗಳಿಂದ, ಬುತ್ತಿ ಗಂಟು ಕಟ್ಟಿಕೊಂಡು ಬೆಂಗಳೂರಿನ ಬಸ್ ಹತ್ತೋರನ್ನು ಸೆಮಿಸ್ಟರ್ ರಜೆಗೆ ಹೋಗುವಾಗೆಲ್ಲ ನೋಡ್ತೀವಿ. ಅದೇ ಬಸ್ಸಿನಲ್ಲಿ ನಾವೂ ಇಂಟರ್ವ್ಯೂಗೆ ಹೋಗ್ತೀವಿ. ಅವರು ಕಟ್ಟಡ ಏರಿಸೋಕೆ, ನಾವು ಅದರ ಏಳನೇ ಮಹಡಿಯಲ್ಲಿ ಕೂರೋಕೆ. ನಾಳೆ ನಮ್ಮಲ್ಲೇ ಒಬ್ಬನಿಗೆ ಪ್ಲೇಸ್‌ಮೆಂಟ್ ಆಗಿ, ಮೊದಲ ಕಾರು ಬಂದು, ಶನಿವಾರ ರಾತ್ರಿ ಪಾರ್ಟಿಯೂ ಮುಗಿದಿರುತ್ತೆ ಅಂದುಕೊಳ್ಳಿ. ಆಗ ಸ್ಟೀರಿಂಗ್ ಹಿಂದೆ ಇರೋನು ದೊಡ್ಡವರ ಮಗನೇ ಆಗಿರಬೇಕಿಲ್ಲ. ಈ ಮಾತು ಹಾಸ್ಟೆಲಿನಲ್ಲಿ ಹೇಳಿದಾಗ ಒಂದಿಬ್ಬರು ಸಿಟ್ಟಾದರು. ಸಿಟ್ಟಾಗಲಿ ಬಿಡಿ.

ಇನ್ನೊಂದು ವಿಷಯ ಬರೆಯೋದೋ ಬೇಡವೋ ಅಂತ ಯೋಚನೆ ಮಾಡಿದೆವು. 1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ ಹೊರಟಿದ್ದಾಗ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ತೀರಿಕೊಂಡಿದ್ದು ಕಾರು ಅಪಘಾತದಲ್ಲಿ. ಮೂವತ್ತಾರು ತುಂಬೋಕೆ ತಿಂಗಳ ಮೇಲಷ್ಟೇ ಬಾಕಿ ಇತ್ತು. ಇದನ್ನು ಆ ಚಿತ್ರಕ್ಕೆ ಗಂಟು ಹಾಕಿ ವಿಧಿ ಅದು ಇದು ಅಂತ ವಾಟ್ಸ್ಯಾಪ್‌ನಲ್ಲಿ ಹರಿದಾಡೋ ಪೋಸ್ಟುಗಳು ನಮಗೆ ಹಿಡಿಸಲ್ಲ. ಚಿತ್ರ ಹೇಳೋದು ವಿಧಿಯ ಬಗ್ಗೆ ಅಲ್ಲ, ಕೇಸು ಮುಚ್ಚಿಹಾಕೋರ ಬಗ್ಗೆ.

ಹಾಗಾಗಿ ಈ ಸಲ ‘ಆಕ್ಸಿಡೆಂಟ್’ ಹಾಕೋದು ಅಂತ ತೀರ್ಮಾನ. ಮೆಕ್ಯಾನಿಕಲ್‌ನವರ ಸಮಾಧಾನಕ್ಕೆ ಮರುದಿನ ‘ಮಿಂಚಿನ ಓಟ’. ಪ್ರೊಜೆಕ್ಟರ್ ಬಲ್ಬ್ ಹೋಗಿದೆ, ಹೊಸದು ಬಂದರೆ ಸೆಮಿನಾರ್ ಹಾಲ್, ಬರದಿದ್ದರೆ ಹಾಸ್ಟೆಲ್ ಮೆಸ್ಸಿನ ಟಿವಿ. ಕಲ್ಮಲ ಕ್ರಾಸಿನ ಆ ಶಂಕರ್‌ನಾಗ್ ಆಟೋದವರನ್ನೂ ಕರೆದಿದ್ದೀವಿ. ‘ಅದರಾಗ ಫೈಟ್ ಐತೇನ್ರಿ?’ ಅಂತ ಕೇಳಿದ್ರು. ಇಲ್ಲ ಅಂದೆವು. ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಎಷ್ಟು ಗಂಟೆಗ್ರಿ?’ ಅಂದ್ರು.