ಹಡ್ಸನ್ ನದಿಯ ಮೇಲಿನ ಆಕಾಶಮಾರ್ಗ: ಕಣ್ಣೊಂದೇ ಸಾಕೇ?

ನ್ಯೂಯಾರ್ಕ್ ಮಹಾನಗರದ ಸುತ್ತ ಕೆನಡಿ, ಲಗ್ವಾರ್ಡಿಯಾ ಮತ್ತು ನೆವಾರ್ಕ್ ಎಂಬ ಮೂರು ದೊಡ್ಡ ವಿಮಾನ ನಿಲ್ದಾಣಗಳಿವೆ. ಅಲ್ಲಿನ ಆಕಾಶದ ಬಹುಭಾಗವನ್ನು ನಿಯಂತ್ರಕರ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ. ಆದರೆ ಹಡ್ಸನ್ ನದಿಯ ಮೇಲೆ 1,300 ಅಡಿಗಿಂತ ಕೆಳಗೆ ಒಂದು ಕಿರಿದಾದ ದಾರಿಯನ್ನು ಸಣ್ಣ ವಿಮಾನ ಮತ್ತು ಹೆಲಿಕಾಪ್ಟರುಗಳಿಗೆ ಮುಕ್ತವಾಗಿ ಬಿಡಲಾಗಿದೆ. ಇಲ್ಲಿ ಅನುಮತಿ ಬೇಕಿಲ್ಲ. ಇತರರನ್ನು ಕಣ್ಣಿನಿಂದ ನೋಡಿ ತಪ್ಪಿಸಿಕೊಳ್ಳುವುದು ಪೈಲಟನ ಹೊಣೆ.

2009ರ ಆಗಸ್ಟ್ 8ರಂದು ಈ ದಾರಿಯಲ್ಲಿ ಒಂದು ಪೈಪರ್ ವಿಮಾನ ಹಾಗೂ ಪ್ರವಾಸಿಗರ ಹೆಲಿಕಾಪ್ಟರ್ ಡಿಕ್ಕಿಯಾಗಿ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಇಟಲಿಯಿಂದ ಬಂದ ಪ್ರವಾಸಿಗರು. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆಯಲ್ಲಿ ಎರಡು ಮುಖ್ಯ ಕಾರಣಗಳನ್ನು ಹೇಳಿತು. ಒಂದು, ನೋಡಿ ತಪ್ಪಿಸಿಕೊಳ್ಳುವ ಪದ್ಧತಿಗೇ ಇರುವ ಮಿತಿ. ಇನ್ನೊಂದು, ಟೀಟರ್‌ಬೊರೊ ನಿಲ್ದಾಣದ ನಿಯಂತ್ರಕ ಕೆಲಸಕ್ಕೆ ಸಂಬಂಧವಿಲ್ಲದ ಫೋನ್ ಮಾತುಕತೆಯಲ್ಲಿದ್ದುದು. ಪೈಲಟ್ ರೇಡಿಯೋ ತರಂಗಾಂತರವನ್ನು ತಪ್ಪಾಗಿ ಪುನರುಚ್ಚರಿಸಿದಾಗ ಆತ ತಿದ್ದಲಿಲ್ಲ.

ಕಣ್ಣಿಗೆ ಏನು ಮಿತಿ ಎಂದು ಕೇಳಬಹುದು. ನೇರವಾಗಿ ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನಲ್ಲಿ ಒಂದೇ ಕಡೆ ನಿಂತ ಚುಕ್ಕೆಯಂತೆ ಕಾಣುತ್ತದೆ. ಚಲನೆ ಇಲ್ಲದ್ದು ಗಮನ ಸೆಳೆಯುವುದಿಲ್ಲ. ಹಿಂದೆ ಕಟ್ಟಡಗಳ ಸಾಲಿದ್ದರೆ ಅದೂ ಮರೆ. ಇನ್ನೊಂದು ವಿಮಾನವನ್ನು ಕಂಡು, ಅಪಾಯವನ್ನು ಅರಿತು, ತಿರುಗಲು ಸುಮಾರು 12.5 ಸೆಕೆಂಡ್ ಬೇಕೆಂಬುದು ಅಲ್ಲಿನ ವಿಮಾನಯಾನ ಇಲಾಖೆಯ ಲೆಕ್ಕ. ತಲಾ 140 ನಾಟ್ ವೇಗದಲ್ಲಿ ಎದುರುಬದುರಾಗಿ ಬರುವ ಎರಡು ವಿಮಾನಗಳ ನಡುವಿನ ಅಂತರ ಅಷ್ಟರಲ್ಲಿ 1.8 ಕಿಲೋಮೀಟರ್ ಕರಗಿಹೋಗುತ್ತದೆ. ಅಷ್ಟು ದೂರದಲ್ಲಿ ಸಣ್ಣ ವಿಮಾನ ಕಾಣುವುದೇ ಕಷ್ಟ.

ದುರಂತದ ನಂತರ ದಾರಿಯನ್ನು ಮುಚ್ಚಿಬಿಡಿ ಎಂಬ ಕೂಗೆದ್ದಿತು. ಇಲಾಖೆ ಮುಚ್ಚಲಿಲ್ಲ, ಅದುವರೆಗೆ ಕೇವಲ ಸಲಹೆಯಾಗಿದ್ದುದನ್ನು 2009ರ ನವೆಂಬರಿನಲ್ಲಿ ಕಡ್ಡಾಯ ಮಾಡಿತು. ನಗರ ದಾಟಿ ಹೋಗುವವರು 1,000 ಅಡಿಯಿಂದ 1,300 ಅಡಿಯೊಳಗೆ, ಸ್ಥಳೀಯವಾಗಿ ಸುತ್ತುವವರು ಅದಕ್ಕಿಂತ ಕೆಳಗೆ. ಎಲ್ಲರೂ ನದಿಯ ಬಲದಂಡೆಯ ಕಡೆ, ಅಂದರೆ ತಾವು ಹೋಗುವ ದಿಕ್ಕಿಗೆ ಬಲಗಡೆ. ವೇಗ 140 ನಾಟ್ ಮೀರಬಾರದು, ದೀಪಗಳು ಉರಿಯುತ್ತಿರಬೇಕು. ಜಾರ್ಜ್ ವಾಷಿಂಗ್ಟನ್ ಸೇತುವೆ, ಸ್ವಾತಂತ್ರ್ಯ ಪ್ರತಿಮೆ ಮುಂತಾದ ಗುರುತುಗಳ ಬಳಿ ತಾನೆಲ್ಲಿದ್ದೇನೆ ಎಂದು ಎಲ್ಲರೂ ಕೇಳುವ ಒಂದೇ ತರಂಗಾಂತರದಲ್ಲಿ ಸಾರಬೇಕು.

ಈ ನಿರ್ಧಾರ ಸರಿ ಎಂಬುದು ನಮ್ಮ ಅಭಿಪ್ರಾಯ. ಕಣ್ಣು ಬೇಡವೆಂದು ಇಲ್ಲಿ ಯಾರೂ ಹೇಳಲಿಲ್ಲ. ಅದರ ಹೊರೆಯನ್ನು ಹಗುರ ಮಾಡಿದರು, ಅಷ್ಟೇ.

ಆದರೆ ಇದೇ ಪಾಠವನ್ನು ಎಲ್ಲ ಕಡೆ ಕಲಿತಂತಿಲ್ಲ. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್ನಿನಲ್ಲಿ ಸೇನಾ ಹೆಲಿಕಾಪ್ಟರ್ ಮತ್ತು ಇಳಿಯುತ್ತಿದ್ದ ಪ್ರಯಾಣಿಕ ಜೆಟ್ ಡಿಕ್ಕಿಯಾಗಿ 67 ಮಂದಿ ಸತ್ತರು. ವಿಮಾನ ಕಾಣುತ್ತಿದೆ ಎಂದು ಹೆಲಿಕಾಪ್ಟರಿನವರು ಹೇಳಿದ್ದರು. ನೋಡಿಕೊಂಡು ದೂರವಿರುವ ಹೊಣೆಯನ್ನು ಕೇಳಿ ಪಡೆದಿದ್ದರು.

ಸ್ವಂತ ವಿಮಾನ ಹಾರಿಸುವವನಿಗೆ ಅಪಾಯದ ಅರಿವಿರುತ್ತದೆ. ಟಿಕೆಟ್ ಪಡೆದು ಕುಳಿತವನಿಗೆ ತನ್ನ ಜೀವ ಯಾರ ಕಣ್ಣನ್ನು ನಂಬಿದೆ ಎಂಬುದೇ ಗೊತ್ತಿರುವುದಿಲ್ಲ. ನಿಯಮ ಬರೆಯುವವರು ಮೊದಲು ಯೋಚಿಸಬೇಕಾದುದು ಅವನ ಬಗ್ಗೆ, ಅದೂ ಮುಂದಿನ ದುರಂತಕ್ಕೆ ಕಾಯದೆ.